ನಿಂತಾಗ ಮಾತ್ರ ಬಿಸಿಯೇರುವ ಹಳೆಯ ಕಾರು: ದೋಷ ಹುಡುಕುವ ಕ್ರಮ

ಓಡುವಾಗ ಉಷ್ಣತೆಯ ಮೀಟರಿನ ಮುಳ್ಳು ನಡುವಿನಲ್ಲೇ ಇರುತ್ತದೆ. ಸಿಗ್ನಲ್‌ನಲ್ಲಿ ಎರಡು ಸಲ ಕೆಂಪು ದೀಪ ಸಿಕ್ಕರೆ ಸಾಕು, ಮೆಲ್ಲಗೆ ಮೇಲೇರತೊಡಗುತ್ತದೆ. ಗಾಡಿ ಹೊರಟು ನಾಲ್ಕನೇ ಗೇರಿಗೆ ಬರುವಷ್ಟರಲ್ಲಿ ಮತ್ತೆ ಇಳಿದಿರುತ್ತದೆ. ಹಳೆಯ ಕಾರಿನ ಈ ಕಾಯಿಲೆಗೆ ಸಾಮಾನ್ಯವಾಗಿ ಸಿಗುವ ಮೊದಲ ಚಿಕಿತ್ಸೆ ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕಿತ್ತೆಸೆಯುವುದು, ಎರಡನೆಯದು ಆ ನೀರನ್ನು ಗಾಳಿಯಿಂದ ತಣಿಸುವ ರೇಡಿಯೇಟರ್ ಬದಲಿಸುವುದು, ಮೂರನೆಯದು ವಾಟರ್ ಪಂಪ್. ಮೂರೂ ಆದಮೇಲೂ ಮುಳ್ಳು ಏರುತ್ತಲೇ ಇದ್ದರೆ ಆಗ ಯಾರೋ ಒಬ್ಬರು ಫ್ಯಾನ್ ಕಡೆ ತಿರುಗಿ ನೋಡುತ್ತಾರೆ. ಇಲ್ಲಿರುವ ಕ್ರಮ ಅದಕ್ಕೆ ತಲೆಕೆಳಗು: ಖರ್ಚಿಲ್ಲದ ಪರೀಕ್ಷೆ ಮೊದಲು, ಪಾರ್ಟ್ಸ್ ಕೊಳ್ಳುವ ಮಾತು ಕೊನೆಗೆ.

ಯಾವಾಗ ಬಿಸಿಯಾಗುತ್ತದೆ ಎಂಬುದೇ ಮುಖ್ಯ ಸುಳಿವು

ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೂಲೆಂಟ್ (ಎಂಜಿನ್ನಿನೊಳಗೆ ಸುತ್ತಿ ಅದನ್ನು ತಣಿಸುವ ದ್ರವ) ಮೂಲಕ ಹೊರಗೆ ಹೋಗಬೇಕು. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ) ಸುಡುವ ಇಂಧನವೇ ಕಡಿಮೆ, ಹಾಗಾಗಿ ಹುಟ್ಟುವ ಬಿಸಿಯೂ ಕಡಿಮೆ. ಆದರೂ ಎಂಜಿನ್ ಕಾಯುತ್ತಿದೆ ಎಂದರೆ ಬಹುಪಾಲು ಸಂದರ್ಭಗಳಲ್ಲಿ ಬಿಸಿ ಹೊರಹೋಗುವ ದಾರಿಯೇ ಮುಚ್ಚಿದೆ ಎಂದರ್ಥ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗ್ರಿಲ್‌ನಿಂದ ನುಗ್ಗುವ ಗಾಳಿಯೇ ರೇಡಿಯೇಟರಿಗೆ ಸಾಕು. ಫ್ಯಾನ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ತಿಳಿಯುವುದಿಲ್ಲ. ನಿಂತ ಗಾಡಿಗೆ ಫ್ಯಾನ್ ಎಳೆದಷ್ಟೇ ಗಾಳಿ.

ಆದ್ದರಿಂದ ಬಾನೆಟ್ ತೆಗೆಯುವ ಮೊದಲು ಒಂದೆರಡು ದಿನ ಗಾಡಿಯನ್ನು ಸುಮ್ಮನೆ ಗಮನಿಸಿ. ನಿಂತಾಗ ಏರಿ ಓಡುವಾಗ ಇಳಿದರೆ ಅನುಮಾನ ಗಾಳಿಯ ಮೇಲೆ: ಫ್ಯಾನ್, ಅದರ ಸುತ್ತಲಿನ ಕವಚ, ರೇಡಿಯೇಟರಿನ ಹೊರಮೈ. ಹೆದ್ದಾರಿಯಲ್ಲಿ, ಏರುದಾರಿಯಲ್ಲಿ ಏರಿ, ನಿಂತಾಗ ಇಳಿದರೆ ಅದು ಬೇರೆಯೇ ಕಥೆ: ರೇಡಿಯೇಟರಿನ ಒಳಗೆ ಕಟ್ಟಿಕೊಂಡಿರುವುದು, ಕೆಳಗಿನ ಹೋಸ್ ಎಳೆತಕ್ಕೆ ಒಳಗೆ ಕುಸಿಯುವುದು ಇತ್ಯಾದಿ. ಎರಡೂ ಕಡೆ ಏರಿದರೆ ಕೂಲೆಂಟ್ ಕೊರತೆ, ಅಂಟಿಕೊಂಡ ಥರ್ಮೋಸ್ಟಾಟ್ ಅಥವಾ ಕೆಟ್ಟ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್). ಎಸಿ ಹಾಕಿದಾಗ ಮಾತ್ರ ಏರುತ್ತದೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಅದರ ಉಪಯೋಗ ಮುಂದೆ ಬರುತ್ತದೆ.

ಕೈ ಹಾಕುವ ಮುನ್ನ

ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆರೆಯಬೇಡಿ. ಬಟ್ಟೆ ಸುತ್ತಿಯೂ ಬೇಡ, ಅರ್ಧ ಸುತ್ತು ಮಾತ್ರ ಎಂದೂ ಬೇಡ. ಒಳಗೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಕ್ಯಾಪ್ ಸಡಿಲವಾದ ಕ್ಷಣ ಒತ್ತಡ ಬಿದ್ದು ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸನ್ನು ಹಿಂಡಿದಾಗ ಮೆತ್ತಗಿದ್ದು, ಕೈಗೆ ತಣ್ಣಗೆ ಹತ್ತಿದ ಮೇಲೆಯೇ ಕ್ಯಾಪ್ ಮುಟ್ಟಿ.

ಎಲೆಕ್ಟ್ರಿಕ್ ಫ್ಯಾನ್ ಇರುವ ಹಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಲು ಶುರುವಾಗಬಹುದು. ಅದರ ಹತ್ತಿರ ಬೆರಳಿಡುವ ಕೆಲಸವಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಬೆಲ್ಟ್ ಫ್ಯಾನ್ (ಎಂಜಿನ್ನಿನ ಬೆಲ್ಟ್ ತಿರುಗಿಸುವ ಫ್ಯಾನ್) ಇರುವ ಗಾಡಿಯಲ್ಲಿ ಸಡಿಲ ಬಟ್ಟೆ, ಬಿಟ್ಟ ಕೂದಲು, ಕುತ್ತಿಗೆಯ ಸರ ಯಾವುದೂ ಬೇಡ. ಐಡ್ಲಿಂಗ್ ಪರೀಕ್ಷೆಗಳನ್ನೆಲ್ಲ ಬಯಲಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ. ಕೂಲೆಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿ ರುಚಿಯ ವಿಷ; ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕದಂತೆ ಕೂಡಲೇ ತೊಳೆಯಿರಿ.

ಸಾಮಾನು ಹೆಚ್ಚು ಬೇಕಿಲ್ಲ. ಒಂದು ಮಲ್ಟಿಮೀಟರ್, ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್, ಟಾರ್ಚು, ಒಂದು ಹಾಳೆ, ತುಂಡು ತಂತಿ. ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಗಳಿಗೆ) ನೋಡುವ ಹಂತ ಬಂದರೆ ಟೈಮಿಂಗ್ ಲೈಟ್.

ಮೊದಲು ಮುಳ್ಳನ್ನೇ ಅನುಮಾನಿಸಿ

ಹಳೆಯ ಕಾರಿನ ಮೀಟರ್ ಸುಳ್ಳು ಹೇಳುವುದು ಅಪರೂಪವಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಕೂರಿಸಿರುವ ಲೋಹದ ಗೂಡಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಹೊಳೆಯುವ ಅಲ್ಯೂಮಿನಿಯಂ ಮೈಯಿಂದ ಕಡಿಮೆ ಅಂಕಿ ಬರುತ್ತದೆ. ಎಂಜಿನ್ ತಣ್ಣಗಿದ್ದಾಗಲೇ ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿಟ್ಟು ಅದರ ಮೇಲೆ ಅಳೆದರೆ ಸರಿಯಾದ ಓದು ಸಿಗುತ್ತದೆ. 85ರಿಂದ 100 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಎಂಜಿನ್ ಆರೋಗ್ಯವಾಗಿದೆ, ದೋಷ ಮೀಟರಿನದು. 110 ದಾಟುತ್ತಿದ್ದರೆ ತೊಂದರೆ ನಿಜ.

ಮೀಟರಿನದೇ ದೋಷವಾದರೆ ಅದರ ಬಗೆ ಹೀಗಿರುತ್ತದೆ. ಹೆಡ್‌ಲೈಟ್ ಅಥವಾ ಫ್ಯಾನ್ ಚಾಲೂ ಆದ ಗಳಿಗೆಯಲ್ಲೇ ಮುಳ್ಳು ಜಿಗಿದರೆ ಅರ್ತಿಂಗ್ ಕೆಟ್ಟಿದೆ. ನೀರು ಸೆಕೆಂಡಿನಲ್ಲಿ ಹತ್ತು ಡಿಗ್ರಿ ಬಿಸಿಯಾಗುವುದಿಲ್ಲ, ಜಿಗಿದದ್ದು ವಿದ್ಯುತ್ತು. ಸೆನ್ಸರಿನ ತಂತಿಯ ನಿರೋಧಕ ಹರಿದು ಬಾಡಿಗೆ ತಾಗುತ್ತಿದ್ದರೆ ಮುಳ್ಳು ನೇರ ಕೆಂಪಿಗೆ ಹೋಗುತ್ತದೆ, ಏಕೆಂದರೆ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುವಂಥದ್ದು. ಇನ್ನು ಕೆಲವು ಹಳೆಯ ಗಾಡಿಗಳಲ್ಲಿ ಇಂಧನದ ಮುಳ್ಳಿಗೂ ಉಷ್ಣತೆಯ ಮುಳ್ಳಿಗೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಟ್ಯಾಂಕ್ ಅರ್ಧ ಖಾಲಿಯಿದ್ದರೂ ತುಂಬಿದೆ ಎಂದು ತೋರಿಸಿ, ಜೊತೆಗೆ ಗಾಡಿ ಬಿಸಿಯೆಂದೂ ತೋರಿಸಿದರೆ ಆ ಪುಟ್ಟ ಡಬ್ಬಿಯನ್ನೇ ನೋಡಿ.

ತಣ್ಣಗಿದ್ದಾಗ ಮಾಡುವ ಪರೀಕ್ಷೆ

ರಾತ್ರಿಯೆಲ್ಲ ನಿಂತ ಗಾಡಿಯ ಕ್ಯಾಪ್ ಬೆಳಿಗ್ಗೆ ತೆಗೆಯಿರಿ. ರೇಡಿಯೇಟರಿನ ಕತ್ತಿನವರೆಗೆ ಕೂಲೆಂಟ್ ಇರಬೇಕು. ಪಕ್ಕದ ಪ್ಲಾಸ್ಟಿಕ್ ಬಾಟಲಿ ತುಂಬಿದ್ದರೆ ಒಳಗೂ ತುಂಬಿದೆ ಎಂದು ನಂಬಬೇಡಿ. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿಯಿದ್ದರೆ ಎಂಜಿನ್ ತಣಿಯುವಾಗ ನೀರನ್ನು ಹಿಂದಕ್ಕೆ ಎಳೆದುಕೊಳ್ಳಲಾಗುತ್ತಿಲ್ಲ: ಕ್ಯಾಪಿನ ನಡುವಿನ ಪುಟ್ಟ ನಿರ್ವಾತ ವಾಲ್ವ್ ಅಂಟಿಕೊಂಡಿದೆ, ಇಲ್ಲವೇ ಬಾಟಲಿಗೆ ಹೋಗುವ ಸಣ್ಣ ಪೈಪ್ ಸೀಳಿದೆ.

ಕ್ಯಾಪನ್ನು ಜನ ಬರಿಯ ಮುಚ್ಚಳ ಎಂದುಕೊಳ್ಳುತ್ತಾರೆ. ಅದು ಒತ್ತಡದ ವಾಲ್ವ್. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೆ ತಡೆಯುತ್ತದೆ. ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟ ಕ್ಯಾಪ್ ಒತ್ತಡ ಹಿಡಿಯದೆ ಹೋದರೆ ಎಕ್ಸಾಸ್ಟ್ ವಾಲ್ವುಗಳ ಸುತ್ತ ನೀರು ಬೇಗ ಕುದಿದು ಆವಿಯ ಗುಳ್ಳೆ ಕಟ್ಟುತ್ತದೆ, ಆವಿ ಇದ್ದ ಕಡೆ ಲೋಹ ತಣಿಯುವುದಿಲ್ಲ. ಬದಲಿ ಕ್ಯಾಪ್ ಕೊಳ್ಳುವಾಗ ಹಳೆಯದರ ಮೇಲೆ ಅಚ್ಚಾಗಿರುವ ಅಂಕಿಯನ್ನೇ ಕೇಳಿ ಪಡೆಯಿರಿ. ಹಳೆಯ ಗಾಡಿಗೆ ಹೆಚ್ಚು ಒತ್ತಡದ್ದು ಹಾಕಿದರೆ ಬೆಸುಗೆ ಬಿಡುವುದು ರೇಡಿಯೇಟರ್ ಅಥವಾ ಹೀಟರಿನದು.

ಕೂಲೆಂಟಿನ ಬಣ್ಣವನ್ನೂ ನೋಡಿ. ತುಕ್ಕಿನ ಬಣ್ಣವಾಗಿದ್ದರೆ ಯಾರೋ ವರ್ಷಗಟ್ಟಲೆ ಬರಿಯ ನೀರು ಹಾಕಿ ಓಡಿಸಿದ್ದಾರೆ. ಒಳಗೆ ಸುಣ್ಣವೂ ಕಟ್ಟಿರಬಹುದು. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂದು ನೀರೇ ಬೆರೆಸದೆ ಕೂಲೆಂಟ್ ಸುರಿಯುವುದು. ಬಿಸಿ ಹೊರುವುದರಲ್ಲಿ ನೀರೇ ಮೇಲು, ಗ್ಲೈಕಾಲ್ ಕುದಿಯುವ ಬಿಂದುವನ್ನು ಏರಿಸುತ್ತದೆ, ಅದರೊಳಗಿನ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಅರ್ಧಕ್ಕರ್ಧ ಮಿಶ್ರಣ ಹೆಚ್ಚಿನ ಕಡೆ ಸರಿ. ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಲಿ, ಬೋರ್‌ವೆಲ್ಲಿನದು ಬೇಡ.

ಕೊನೆಗೆ ಬೆಲ್ಟ್. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ 10ರಿಂದ 12 ಮಿಲಿಮೀಟರ್ ಬಾಗಬೇಕು. ಪಕ್ಕದ ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಅಥವಾ ಬೆಲ್ಟ್ ಸವೆದು ಪುಲ್ಲಿಯ ತಳಕ್ಕೆ ತಾಗುತ್ತಿದ್ದರೆ ಬಿಗಿ ಮಾಡಿದರೂ ಜಾರುತ್ತದೆ, ಬದಲಿಸಿ.

ನಿಲ್ಲಿಸಿದಲ್ಲೇ ರೇಸ್ ಕೊಟ್ಟು ನೋಡುವುದು

ಪುಕ್ಕಟೆ ಪರೀಕ್ಷೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಮುಳ್ಳು ಏರತೊಡಗಿ ಇನ್ನೂ ಕೆಂಪು ಮುಟ್ಟದಿರುವಾಗ ಎಂಜಿನ್ ವೇಗವನ್ನು ಸುಮಾರು 2000 ಆರ್‌ಪಿಎಮ್‌ಗೆ ಏರಿಸಿ ಎರಡು ನಿಮಿಷ ಹಿಡಿಯಿರಿ.

ಮುಳ್ಳು ಇಳಿದರೆ ಎಂಜಿನ್ ವೇಗದ ಜೊತೆ ಹೆಚ್ಚುವ ಯಾವುದೋ ಒಂದು ಐಡ್ಲಿಂಗ್‌ನಲ್ಲಿ ಸಾಲುತ್ತಿಲ್ಲ. ಬೆಲ್ಟ್‌ನಿಂದ ತಿರುಗುವ ಫ್ಯಾನ್, ವಾಟರ್ ಪಂಪ್, ಜಾರುವ ಬೆಲ್ಟ್, ಕೂಲೆಂಟ್ ಮಟ್ಟ, ತೀರಾ ಕೆಳಗಿಟ್ಟ ಐಡ್ಲಿಂಗ್ ವೇಗ, ಅಥವಾ ಎಲೆಕ್ಟ್ರಿಕ್ ಫ್ಯಾನಿಗೆ ಕರೆಂಟು ಕೊಡಲಾರದ ಆಲ್ಟರ್ನೇಟರ್ (ಎಂಜಿನ್ನಿನಿಂದ ತಿರುಗಿ ವಿದ್ಯುತ್ತು ಹುಟ್ಟಿಸುವ ಯಂತ್ರ). ಇಳಿಯದೆ ಹಾಗೇ ಏರುತ್ತಿದ್ದರೆ ಗಾಳಿಯ ಕೊರತೆ ನಿಚ್ಚಳ: ಎಲೆಕ್ಟ್ರಿಕ್ ಫ್ಯಾನ್ ತಿರುಗುತ್ತಿಲ್ಲ ಅಥವಾ ರೇಡಿಯೇಟರಿನ ಮೂಲಕ ಗಾಳಿ ಹಾಯುತ್ತಿಲ್ಲ.

ಇದೇ ಹೊತ್ತಿಗೆ ಹೀಟರ್ ಹಾಕಿ ನೋಡಿ. ಐಡ್ಲಿಂಗ್‌ನಲ್ಲಿ ತಣ್ಣನೆಯ ಗಾಳಿ, ರೇಸ್ ಕೊಟ್ಟರೆ ಬಿಸಿ ಗಾಳಿ ಬಂದರೆ ಒಳಗೆ ಕೂಲೆಂಟ್ ಕಡಿಮೆಯಿದೆ ಅಥವಾ ಏರ್‌ಲಾಕ್ ಆಗಿದೆ (ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ). ಹೀಟರ್ ಹಾಕಿದಾಗ ಮುಳ್ಳು ಚೆನ್ನಾಗಿ ಇಳಿದರೆ ನೀರಿನ ಓಡಾಟ ಸರಿಯಿದೆ, ತಣಿಯುವ ಜಾಗವೇ ಸಾಲುತ್ತಿಲ್ಲ.

ಎಲೆಕ್ಟ್ರಿಕ್ ಫ್ಯಾನ್

ಗಾಡಿಯನ್ನು ಐಡ್ಲಿಂಗ್‌ನಲ್ಲಿ ಬಿಟ್ಟು ಪಕ್ಕದಲ್ಲಿ ನಿಂತು ಕಾಯಿರಿ. ಸಾಮಾನ್ಯವಾಗಿ 92ರಿಂದ 98 ಡಿಗ್ರಿ ಆಸುಪಾಸಿನಲ್ಲಿ ಫ್ಯಾನ್ ಶುರುವಾಗಿ, ಐದಾರು ಡಿಗ್ರಿ ಇಳಿದ ಮೇಲೆ ನಿಲ್ಲಬೇಕು. ಶುರುವಾಗದಿದ್ದರೆ ಫ್ಯೂಸ್ ನೋಡಿ. ಫ್ಯೂಸ್ ಸರಿಯಿದ್ದರೆ ರೇಡಿಯೇಟರಿನ ಪಕ್ಕದಲ್ಲಿ ಕೂರಿಸಿರುವ ಫ್ಯಾನ್ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ, ಅದರ ಎರಡು ಪಿನ್ನುಗಳನ್ನು ತುಂಡು ತಂತಿಯಿಂದ ಜೋಡಿಸಿ. ಒಂದೇ ತಂತಿಯ ಸ್ವಿಚ್ಚಾದರೆ ಆ ತಂತಿಯನ್ನು ಬಾಡಿಗೆ ತಾಗಿಸಿ. ಫ್ಯಾನ್ ತಿರುಗಿದರೆ ಮೋಟಾರು, ರಿಲೇ, ವೈರಿಂಗ್ ಎಲ್ಲ ಸರಿ. ಕೆಟ್ಟಿರುವುದು ಸ್ವಿಚ್ಚು, ಅಥವಾ ಸ್ವಿಚ್ಚಿಗೆ ಬಿಸಿನೀರು ತಲುಪುತ್ತಿಲ್ಲ.

ಈ ಎರಡನೆಯ ಸಾಧ್ಯತೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ಥರ್ಮೋಸ್ಟಾಟ್ ತೆರೆಯದಿದ್ದರೆ ಎಂಜಿನ್ ಕುದಿಯುತ್ತಿರುತ್ತದೆ, ರೇಡಿಯೇಟರ್ ತಣ್ಣಗಿರುತ್ತದೆ, ರೇಡಿಯೇಟರಿನಲ್ಲಿ ಕೂತ ಸ್ವಿಚ್ಚು ಎಲ್ಲ ಸರಿಯಿದೆ ಎಂದು ಸುಮ್ಮನಿರುತ್ತದೆ. ಫ್ಯಾನ್ ತಿರುಗಲಿಲ್ಲ ಎಂದು ಹೊಸ ಫ್ಯಾನ್ ತಂದರೆ ಅದೂ ತಿರುಗುವುದಿಲ್ಲ. ಸ್ವಿಚ್ಚಿನ ಪಕ್ಕದ ಟ್ಯಾಂಕಿನ ಬಿಸಿಯನ್ನು ಮೊದಲು ಅಳೆಯಿರಿ.

ಎಂಜಿನ್ ಕಂಟ್ರೋಲ್ ಯೂನಿಟ್ ಇರುವ ಗಾಡಿಗಳಲ್ಲಿ ಫ್ಯಾನಿನ ಆಜ್ಞೆ ಅಲ್ಲಿಂದ ಬರುತ್ತದೆ. ಇಂಥ ಹಲವು ಕಾರುಗಳಲ್ಲಿ ಕೂಲೆಂಟ್ ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ರಕ್ಷಣೆಗಾಗಿ ಫ್ಯಾನ್ ತಾನೇ ಓಡತೊಡಗುತ್ತದೆ. ಓಡಿದರೆ ಫ್ಯಾನ್ ಸರ್ಕ್ಯೂಟ್ ಬದುಕಿದೆ ಎಂದು ತಿಳಿಯಿತು.

ಪಿನ್ ಜೋಡಿಸಿದರೂ ತಿರುಗದಿದ್ದರೆ ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಇರುವ ದಪ್ಪ ತಂತಿಯಲ್ಲಿ ಮೋಟಾರಿಗೆ ಕರೆಂಟು ಕೊಡಿ. ಆಗ ತಿರುಗಿದರೆ ತಪ್ಪು ರಿಲೇ ಅಥವಾ ವೈರಿಂಗಿನದು. ಆಗಲೂ ತಿರುಗದೆ, ಮೋಟಾರಿಗೆ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ.

ಹಳೆಯ ಕಾರುಗಳಲ್ಲಿ ನಿಜವಾಗಿ ಸತಾಯಿಸುವುದು ಸತ್ತ ಫ್ಯಾನ್ ಅಲ್ಲ, ಅರೆಜೀವದ ಫ್ಯಾನ್. ಸದ್ದು ಮಾಡುತ್ತದೆ, ತಿರುಗುತ್ತದೆ, ನೋಡಿದವರು ಸರಿಯಿದೆ ಎನ್ನುತ್ತಾರೆ. ಆದರೆ ಎಳೆಯಬೇಕಾದ ಗಾಳಿಯಲ್ಲಿ ಅರ್ಧವೂ ಬರುತ್ತಿರುವುದಿಲ್ಲ. ಇದನ್ನು ಹಿಡಿಯಲು ಎರಡು ಉಪಾಯ. ಫ್ಯಾನ್ ಓಡುತ್ತಿರುವಾಗ ಗ್ರಿಲ್ ಮುಂದೆ ಒಂದು ಹಾಳೆ ಹಿಡಿಯಿರಿ: ಅದು ಜಾಲರಿಗೆ ಹೀರಿಕೊಂಡು ಅಂಟಬೇಕು. ನಿಮ್ಮ ಕಡೆಗೆ ತಳ್ಳಿದರೆ ಮೋಟಾರಿನ ಎರಡು ತಂತಿಗಳನ್ನು ಯಾರೋ ಅದಲುಬದಲು ಮಾಡಿದ್ದಾರೆ, ಫ್ಯಾನ್ ಹಿಂದುಮುಂದಾಗಿ ತಿರುಗುತ್ತಿದೆ. ಹಿಂದೆ ಮೋಟಾರ್ ಬದಲಿಸಿದ ಗಾಡಿಗಳಲ್ಲಿ ಇದು ಅನೇಕರು ಅಂದುಕೊಂಡದ್ದಕ್ಕಿಂತ ಹೆಚ್ಚು. ಕೆಲವು ಕಾರುಗಳಲ್ಲಿ ಗ್ರಿಲ್‌ಗೂ ರೇಡಿಯೇಟರಿಗೂ ನಡುವೆ, ಮುಂದಿನಿಂದ ಹಿಂದಕ್ಕೆ ತಳ್ಳುವ ಇನ್ನೊಂದು ಫ್ಯಾನ್ ಇರುತ್ತದೆ. ಎರಡೂ ಒಂದೇ ದಿಕ್ಕಿಗೆ ಗಾಳಿ ಕಳಿಸುತ್ತಿವೆಯೇ ನೋಡಿ.

ಎರಡನೆಯದು ವೋಲ್ಟೇಜ್ ಅಳತೆ. ಫ್ಯಾನ್ ಓಡುತ್ತಿರುವಾಗ ಬ್ಯಾಟರಿಯ ಪಾಸಿಟಿವ್ ತುದಿಗೂ ಮೋಟಾರಿನ ಪಾಸಿಟಿವ್ ಪಿನ್ನಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ದಾರಿಯಲ್ಲೇ ಕಳೆದುಹೋಗುತ್ತಿದೆ: ಸುಟ್ಟ ರಿಲೇ ಕಾಲು, ಹಸಿರು ಹಿಡಿದ ಕನೆಕ್ಟರ್. ನೆಗೆಟಿವ್ ಕಡೆಯೂ ಹೀಗೇ ಅಳೆಯಿರಿ; ಅಲ್ಲಿ ಹೆಚ್ಚು ತೋರಿಸಿದರೆ ತುಕ್ಕು ಹಿಡಿದ ಅರ್ತಿಂಗ್ ಬೋಲ್ಟ್ ಬಿಚ್ಚಿ ಉಜ್ಜಿ ಬಿಗಿ ಮಾಡಿ. ಆಮೇಲೆ ಬ್ಯಾಟರಿ ತುದಿಗಳ ವೋಲ್ಟೇಜ್ ನೋಡಿ. ಹೆಡ್‌ಲೈಟ್, ಎಸಿ, ಫ್ಯಾನ್ ಎಲ್ಲ ಹಾಕಿ ಐಡ್ಲಿಂಗ್‌ನಲ್ಲಿ ಬಿಟ್ಟಾಗ ಅದು 13ರ ಮೇಲಿರಬೇಕು. 12ಕ್ಕೆ ಇಳಿದರೆ ಆಲ್ಟರ್ನೇಟರ್ ಸೋತಿದೆ, ಫ್ಯಾನ್ ಅದಕ್ಕೇ ನಿಧಾನ.

ಎರಡು ವೇಗದ ಫ್ಯಾನುಗಳಲ್ಲಿ ಕಡಿಮೆ ವೇಗಕ್ಕಾಗಿ ಇರುವ ರೆಸಿಸ್ಟರ್ ಸುಟ್ಟರೆ ಫ್ಯಾನ್ ಮೊದಲ ಹಂತವನ್ನು ತಪ್ಪಿಸಿ, ಉಷ್ಣತೆ ತೀರಾ ಏರಿದ ಮೇಲೆ ಧಡಕ್ಕನೆ ಪೂರ್ಣ ವೇಗದಲ್ಲಿ ಓಡುತ್ತದೆ. ಮುಳ್ಳು ಎತ್ತರಕ್ಕೆ ಹೋಗಿ ಇಳಿದು, ಮತ್ತೆ ಹೋಗಿ ಇಳಿಯುವ ಗಾಡಿಗಳಲ್ಲಿ ಇದನ್ನು ನೆನಪಿಡಿ.

ಬೆಲ್ಟ್ ಫ್ಯಾನ್ ಮತ್ತು ವಿಸ್ಕಸ್ ಕ್ಲಚ್

ಉದ್ದಕ್ಕೆ ಕೂರಿಸಿದ ಹಲವು ಎಂಜಿನ್ನುಗಳಲ್ಲಿ ಫ್ಯಾನ್ ಬೆಲ್ಟ್‌ನಿಂದ ತಿರುಗುತ್ತದೆ, ನಡುವೆ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕ್ಲಚ್ ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಕ್ಲಚ್ಚಿನ ಮುಂದಿನ ಬೈಮೆಟಲ್ ಸುರುಳಿ ಹೊರಳಿ ಒಳಗಿನ ವಾಲ್ವ್ ತೆರೆಯುತ್ತದೆ, ಎಣ್ಣೆ ಹರಿದು ಫ್ಯಾನಿಗೆ ಹಿಡಿತ ಬರುತ್ತದೆ. ಆಗ ಫ್ಯಾನಿನ ಭೋರೆನ್ನುವ ಸದ್ದು ಕೇಳಿಸಬೇಕು. ಎಂಜಿನ್ ಎಷ್ಟೇ ಕಾದರೂ ಆ ಸದ್ದು ಬರಲಿಲ್ಲವೆಂದರೆ ಅದೇ ಮೊದಲ ಸುಳಿವು.

ಎಂಜಿನ್ ಪೂರ್ತಿ ಕಾದ ಮೇಲೆ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಫ್ಯಾನಿಗೆ ಕೈಯಿಂದ ಒಮ್ಮೆ ಬೀಸಿ. ಬಿಗಿಯಾಗಿ ಅರ್ಧ ಸುತ್ತು, ಒಂದು ಸುತ್ತಿಗೆ ನಿಂತರೆ ಸರಿ. ಸಲೀಸಾಗಿ ನಾಲ್ಕೈದು ಸುತ್ತು ಹೊಡೆದರೆ ಕ್ಲಚ್ ಮುಗಿದಿದೆ. ಕ್ಲಚ್ಚಿನ ನಡುವಿನಿಂದ ಹೊರಕ್ಕೆ ಎಣ್ಣೆ ಮೆತ್ತಿದ ಧೂಳಿನ ಗೆರೆಗಳಿದ್ದರೆ ಸಿಲಿಕೋನ್ ಎಣ್ಣೆ ಸೋರಿದೆ. ಎಲೆಯ ತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಾಗ ಆಟ ಜಾಸ್ತಿಯಿದ್ದರೆ ಕ್ಲಚ್ಚಿನದೋ ವಾಟರ್ ಪಂಪಿನದೋ ಬೇರಿಂಗ್ ಹೋಗಿದೆ. ಅಂಥ ಗಾಡಿ ಓಡಿಸಬೇಡಿ, ಫ್ಯಾನ್ ರೇಡಿಯೇಟರಿಗೆ ನುಗ್ಗುತ್ತದೆ. ಓಡುವ ಫ್ಯಾನಿಗೆ ಸುರುಳಿ ಸುತ್ತಿದ ಕಾಗದ ಒಡ್ಡಿ ನಿಲ್ಲಿಸಿ ನೋಡುವ ಹಳೆಯ ಪದ್ಧತಿ ಇನ್ನೂ ಕೆಲವರಲ್ಲಿದೆ. ಬೆರಳು ಬೇಕಿದ್ದವರು ಅದನ್ನು ಬಿಟ್ಟುಬಿಡುವುದು ಒಳ್ಳೆಯದು.

ಕವಚ ಮತ್ತು ಜಾಲರಿಯ ಕೊಳೆ

ಫ್ಯಾನಿನ ಸುತ್ತ ಪ್ಲಾಸ್ಟಿಕ್ಕಿನ ಅಥವಾ ತಗಡಿನ ಕವಚ ಇರುತ್ತದೆ. ಕೆಲಸ ಮಾಡುವಾಗ ಅಡ್ಡಿ ಎಂದು ಯಾವಾಗಲೋ ಬಿಚ್ಚಿ ಮೂಲೆಗೆ ಇಟ್ಟು ಮತ್ತೆ ಹಾಕದೆ ಬಿಟ್ಟಿರುವ ಭಾಗ ಇದೇ. ಕವಚವಿಲ್ಲದ ಫ್ಯಾನ್ ತನ್ನ ಎಲೆಗಳಷ್ಟು ಅಗಲದ ವೃತ್ತದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳಿಗೆ ಏನೂ ಸಿಗುವುದಿಲ್ಲ. ಅಷ್ಟೇ ಅಲ್ಲ, ಹಿಂದೆ ಬಿಸಾಡಿದ ಬಿಸಿಗಾಳಿಯನ್ನೇ ಎಲೆಗಳ ತುದಿಯಿಂದ ಮತ್ತೆ ಒಳಗೆ ಸೆಳೆದುಕೊಳ್ಳುತ್ತದೆ. ರೇಡಿಯೇಟರಿನ ಅಂಚಿನ ಫೋಮ್ ಪಟ್ಟಿಗಳು, ಬಂಪರಿನ ಕೆಳಗಿನ ರಬ್ಬರ್ ತಡೆ ಇವೆಲ್ಲ ಬಿಸಿಗಾಳಿ ಸುತ್ತಿ ಮುಂದಕ್ಕೆ ಬರದಂತೆ ತಡೆಯಲೆಂದೇ ಇರುವುದು. ಅವು ಕಳಚಿ ಹೋಗಿದ್ದರೆ ಓಡುವಾಗ ಗೊತ್ತಾಗದು, ನಿಂತಾಗ ಗೊತ್ತಾಗುತ್ತದೆ.

ರೇಡಿಯೇಟರಿನ ಹಿಂದೆ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಬೆಳಕು ತೂರಿ ಬರಬೇಕು. ಎಸಿ ಇರುವ ಕಾರಿನಲ್ಲಿ ಮುಂದೆ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ), ಹಿಂದೆ ರೇಡಿಯೇಟರ್. ಕೆಸರು, ಹುಳು, ಒಣ ಎಲೆ ಸೇರಿಕೊಳ್ಳುವುದು ಇವೆರಡರ ನಡುವಿನ ಸಂದಿಯಲ್ಲಿ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛ, ಬಿಚ್ಚಿ ಎಳೆದರೆ ನಡುವೆ ದಪ್ಪ ಕಂಬಳಿ. ಎಸಿ ಹಾಕಿದಾಗ ಮಾತ್ರ ಬಿಸಿಯೇರುವ ಗಾಡಿಯಲ್ಲಿ ಇಲ್ಲಿಂದಲೇ ಶುರುಮಾಡಿ, ಜೊತೆಗೆ ಎಸಿ ಹಾಕಿದೊಡನೆ ಎಲೆಕ್ಟ್ರಿಕ್ ಫ್ಯಾನ್ ಓಡುತ್ತದೆಯೇ ನೋಡಿ, ಹೆಚ್ಚಿನ ಕಾರುಗಳಲ್ಲಿ ಓಡಬೇಕು. ತೊಳೆಯುವಾಗ ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಹಾಯಿಸಿ, ಸಾಮಾನ್ಯ ನಲ್ಲಿಯ ಒತ್ತಡದಲ್ಲಿ. ಪ್ರೆಶರ್ ವಾಷರ್ ಫಿನ್ನುಗಳನ್ನು ಮಡಚಿಬಿಡುತ್ತದೆ. ಫಿನ್ನುಗಳು ಕೈಯಲ್ಲಿ ಸವರಿದರೆ ಪುಡಿಯಾಗಿ ಉದುರುತ್ತಿದ್ದರೆ ತೊಳೆದು ಪ್ರಯೋಜನವಿಲ್ಲ, ರೇಡಿಯೇಟರಿನ ಆಯಸ್ಸು ಮುಗಿದಿದೆ.

ಒಳಗಿನ ಹರಿವು

ಗಾಳಿಯ ಕಡೆ ಎಲ್ಲ ಸರಿಯೆಂದು ಖಚಿತವಾದ ಮೇಲೆ ನೀರಿನ ಕಡೆ ಬನ್ನಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸನ್ನು ಅಳೆಯುತ್ತಿರಿ. ಬಹಳ ಹೊತ್ತು ತಣ್ಣಗಿದ್ದು, ಗೂಡಿನ ಉಷ್ಣತೆ ಥರ್ಮೋಸ್ಟಾಟ್ ಮೇಲೆ ಬರೆದ ಅಂಕಿ ತಲುಪಿದೊಡನೆ (ಸಾಮಾನ್ಯವಾಗಿ 82 ಅಥವಾ 88 ಡಿಗ್ರಿ) ಹೋಸ್ ಬೇಗ ಬಿಸಿಯಾಗಬೇಕು. ಆಗದಿದ್ದರೆ ಥರ್ಮೋಸ್ಟಾಟ್ ಬಿಚ್ಚಿ, ನೀರು ತುಂಬಿದ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಜೊತೆ ಕಾಯಿಸಿ ನೋಡಿ. ನೀರು ಕುದಿಯುವ ಮೊದಲೇ ಅದು ಚೆನ್ನಾಗಿ ಬಾಯ್ದೆರೆದಿರಬೇಕು.

ಥರ್ಮೋಸ್ಟಾಟ್ ಇಲ್ಲದೆ ಓಡಿಸುವುದರ ಬಗ್ಗೆ ಇಲ್ಲಿ ಹೇಳಲೇಬೇಕು. ಹಲವು ಎಂಜಿನ್ನುಗಳಲ್ಲಿ ಅದು ರೇಡಿಯೇಟರಿನ ದಾರಿ ತೆರೆಯುವುದರ ಜೊತೆಗೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತೆಸೆದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ನೋಡದೆಯೇ ಎಂಜಿನ್ನಿಗೆ ಮರಳುತ್ತದೆ. ತಂಪಾಗಲೆಂದು ಮಾಡಿದ ಕೆಲಸದಿಂದ ನಿಂತಾಗಿನ ಬಿಸಿ ಹೆಚ್ಚಾಗುವುದು ಹೀಗೆ. ಉಳಿದ ಎಂಜಿನ್ನುಗಳಲ್ಲೂ ಬೆಳಗಿನ ಹೊತ್ತು ಬೇಗ ಬಿಸಿಯಾಗದೆ ಇಂಧನ ಹೆಚ್ಚು ಕುಡಿದು ಸಿಲಿಂಡರ್ ಸವೆಯುತ್ತದೆ.

ರೇಡಿಯೇಟರಿನ ಒಳಗೆ ಕಟ್ಟಿದೆಯೇ ಎಂದು ನೋಡಲು ಫ್ಯಾನ್ ಒಮ್ಮೆ ಓಡಿ ನಿಂತ ಮೇಲೆ ಅದರ ಮೈಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಸಾಲಾಗಿ ಅಳೆಯಿರಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಉಷ್ಣತೆ ಹಂತಹಂತವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿನ ಟ್ಯೂಬುಗಳು ಮುಚ್ಚಿವೆ. ಹಿತ್ತಾಳೆ ತಾಮ್ರದ ಹಳೆಯ ರೇಡಿಯೇಟರನ್ನು ಬಿಚ್ಚಿ ಸಲಾಕೆ ಹಾಕಿ ಸ್ವಚ್ಛಗೊಳಿಸಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಆ ಭಾಗ್ಯವಿಲ್ಲ, ಬದಲಿಸುವುದೇ. ಸೋರಿಕೆ ನಿಲ್ಲಿಸುವ ಪುಡಿ ಹಾಕಿದ ಗಾಡಿಯಾದರೆ ಹೀಟರಿನ ಸಣ್ಣ ಕೊಳವೆಗಳೂ ಮುಚ್ಚಿರುವ ಸಾಧ್ಯತೆ ಹೆಚ್ಚು.

ವಾಟರ್ ಪಂಪಿನ ಕೆಳಗಿರುವ ಪುಟ್ಟ ತೂತಿನಿಂದ ಕೂಲೆಂಟ್ ಜಿನುಗಿದ ಕಲೆಯಿದ್ದರೆ ಸೀಲ್ ಹೋಗಿದೆ. ಜಿನುಗದ ಪಂಪೂ ಕೆಟ್ಟಿರಬಹುದು: ಒಳಗಿನ ಲೋಹದ ರೆಕ್ಕೆಗಳು ತುಕ್ಕು ತಿಂದು ಮೊಂಡಾಗಿರುತ್ತವೆ, ಪ್ಲಾಸ್ಟಿಕ್ಕಿನದಾದರೆ ಶಾಫ್ಟ್ ಮೇಲೆ ಜಾರುತ್ತದೆ. ಮೇಲೆ ಹೇಳಿದ 2000 ಆರ್‌ಪಿಎಮ್ ಪರೀಕ್ಷೆಯಲ್ಲಿ ಮುಳ್ಳು ಇಳಿದು, ಫ್ಯಾನ್ ಮತ್ತು ಬೆಲ್ಟ್ ಎರಡೂ ಸರಿಯಿದ್ದರೆ ಪಂಪ್ ಬಿಚ್ಚಿ ನೋಡುವುದು ನ್ಯಾಯ.

ಇತ್ತೀಚೆಗೆ ಕೂಲೆಂಟ್ ಬದಲಿಸಿದ ಮೇಲೆ ಶುರುವಾದ ತೊಂದರೆಯಾದರೆ ಒಳಗೆ ಗಾಳಿ ಉಳಿದಿದೆ. ಗಾಡಿಯ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆಯುವವರೆಗೆ ಗುಳ್ಳೆಗಳನ್ನು ಹೋಗಗೊಟ್ಟು ಮಟ್ಟ ಇಳಿದಂತೆ ತುಂಬಿಸುತ್ತ ಬನ್ನಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇರುವ ಗಾಡಿಯಲ್ಲಿ ಅದರಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಮುಚ್ಚಬೇಡಿ.

ಎಂಜಿನ್ನೇ ಹೆಚ್ಚು ಬಿಸಿ ಹುಟ್ಟಿಸುತ್ತಿದ್ದರೆ

ಕಾರ್ಬ್ಯುರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಇರುವ ಕಾರುಗಳಿಗೆ ಮಾತ್ರ ಹೇಳುವ ಮಾತಿದು. ಇಗ್ನಿಷನ್ ಟೈಮಿಂಗ್ ತಡವಾಗಿದ್ದರೆ ಮಿಶ್ರಣ ಇನ್ನೂ ಉರಿಯುತ್ತಿರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಪಿಸ್ಟನ್ ತಳ್ಳಬೇಕಿದ್ದ ಶಕ್ತಿ ಸಿಲಿಂಡರ್ ಹೆಡ್ಡನ್ನು ಕಾಯಿಸುತ್ತದೆ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ನಿರ್ವಾತದ ಎಳೆತದಿಂದ ಕಿಡಿಯನ್ನು ಮುಂಚಿತವಾಗಿಸುವ ಸಾಧನ) ಹೋಸ್ ಇಂಟೇಕ್ ಮ್ಯಾನಿಫೋಲ್ಡಿಗೆ ನೇರ ಜೋಡಿಸಿರುವ ಎಂಜಿನ್ನುಗಳಲ್ಲಿ ಐಡ್ಲಿಂಗ್‌ನಲ್ಲೂ ಅಡ್ವಾನ್ಸ್ ಸಿಗಬೇಕು, ಅದರ ಡಯಾಫ್ರಾಮ್ ಹರಿದರೆ ಸಿಗುವುದಿಲ್ಲ. ಹೋಸ್ ಬಿಚ್ಚಿ ಕೈಪಂಪಿನಿಂದ ಎಳೆದಾಗ ಡಿಸ್ಟ್ರಿಬ್ಯೂಟರಿನ ಒಳಗಿನ ತಟ್ಟೆ ಸರಿದು, ಸರಿದಲ್ಲೇ ನಿಲ್ಲಬೇಕು. ಟೈಮಿಂಗ್ ಲೈಟ್ ಹಿಡಿದು ತಯಾರಕರ ಕೈಪಿಡಿಯ ಅಂಕಿಗೆ ತನ್ನಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೀಳಿ ಹೆಚ್ಚುವರಿ ಗಾಳಿ ಒಳಬರುತ್ತಿದ್ದರೂ ಮಿಶ್ರಣ ತೆಳುವಾಗಿ ಇದೇ ಪಾಡು, ಜೊತೆಗೆ ಐಡ್ಲಿಂಗ್ ಕೂಡ ಒಂದೇ ಸಮ ಇರುವುದಿಲ್ಲ.

ಹೆಡ್ ಗ್ಯಾಸ್ಕೆಟ್

ಎಲ್ಲರಿಗೂ ಮೊದಲು ಹೆದರಿಕೆ ಬರುವುದು ಇದರದ್ದೇ, ನೋಡಬೇಕಾದದ್ದು ಮಾತ್ರ ಕೊನೆಯಲ್ಲಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬಿಸಿಯಾಗದಿರುವಾಗಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಅನಿಲ ನೀರಿನ ದಾರಿಗೆ ನುಗ್ಗುತ್ತಿದೆ. ರೇಡಿಯೇಟರಿನ ಬಾಯಲ್ಲಿ ನಿಲ್ಲದೆ ಬರುವ ಗುಳ್ಳೆ, ಎಲ್ಲೂ ಸೋರಿಕೆ ಕಾಣದೆ ಇಳಿಯುವ ಕೂಲೆಂಟ್, ಎಂಜಿನ್ ಕಾದ ಮೇಲೂ ನಿಲ್ಲದ ಸಿಹಿವಾಸನೆಯ ಬಿಳಿ ಹೊಗೆ, ಆಯಿಲ್ ಕ್ಯಾಪಿನ ಕೆಳಗೆ ಕಾಫಿಬಣ್ಣದ ನೊರೆ ಇವು ಜೊತೆಗಾರರು. ನೊರೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ, ಬರಿಯ ಹತ್ತಿರದ ಓಡಾಟಕ್ಕೆ ಬಳಸುವ ಗಾಡಿಯಲ್ಲಿ ತೇವಾಂಶದಿಂದಲೂ ಅದು ಬರುತ್ತದೆ.

ಖಚಿತಪಡಿಸಿಕೊಳ್ಳಲು ಬ್ಲಾಕ್ ಟೆಸ್ಟ್ ಕಿಟ್ ಸಿಗುತ್ತದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರ ನೀಲಿ ದ್ರವದ ಮೂಲಕ ಎಳೆದಾಗ, ಸುಟ್ಟ ಅನಿಲವಿದ್ದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಬಣ್ಣ ಹಳದಿಗೆ ತಿರುಗುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದಾಗ ಒಂದು ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿದ್ದರೆ ಆ ಸಿಲಿಂಡರಿಗೆ ನೀರು ಇಳಿಯುತ್ತಿದೆ.

ದಾರಿಯಲ್ಲಿ ಮುಳ್ಳು ಏರಿದರೆ

ಎಸಿ ಆಫ್ ಮಾಡಿ, ಹೀಟರ್ ಮತ್ತು ಬ್ಲೋವರ್ ಪೂರ್ತಿ ಹಾಕಿ. ಸೆಕೆಯಾಗುತ್ತದೆ, ಆದರೆ ಹೀಟರೂ ಒಂದು ಪುಟ್ಟ ರೇಡಿಯೇಟರೇ. ಬೆಲ್ಟ್ ಫ್ಯಾನ್ ಗಾಡಿಯಾದರೆ ನ್ಯೂಟ್ರಲ್‌ನಲ್ಲಿ 1500 ಆರ್‌ಪಿಎಮ್ ಹಿಡಿಯಿರಿ. ಆದರೂ ಕೆಂಪು ಮುಟ್ಟಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಆಫ್ ಮಾಡಿದ ಮೇಲೆ ಮುಳ್ಳು ಇನ್ನಷ್ಟು ಏರುವುದು ಸಹಜ, ಪಂಪ್ ನಿಂತಾಗ ಲೋಹದ ಬಿಸಿ ನೀರಿಗೆ ಇಳಿಯುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಒಳಗೂ ಹಾಕಬೇಡಿ. ಸಿಲಿಂಡರ್ ಹೆಡ್ ಬಿರುಕು ಬಿಟ್ಟರೆ ಸಣ್ಣ ದೋಷ ದೊಡ್ಡದಾಗುತ್ತದೆ.

ರಿಪೇರಿ ಆದಮೇಲೆ

ದೋಷ ಸಿಕ್ಕಿ ಸರಿಮಾಡಿದ ಮೇಲೆ ಬಿಸಿಲಿನ ಹೊತ್ತಿನಲ್ಲಿ, ಎಸಿ ಹಾಕಿ, ಗಾಡಿಯನ್ನು ಅರ್ಧ ಗಂಟೆ ಐಡ್ಲಿಂಗ್‌ನಲ್ಲಿ ಬಿಡಿ, ಪಕ್ಕದಲ್ಲೇ ಇರಿ. ಗೂಡಿನ ಉಷ್ಣತೆ ಒಂದು ಮಿತಿಗೆ ಏರಿ ಅಲ್ಲೇ ಸಣ್ಣದಾಗಿ ಏರಿಳಿಯುತ್ತಿರಬೇಕು. ಎಸಿ ಆರಿಸಿದ ಮೇಲೆ ಫ್ಯಾನ್ ತಾನಾಗಿ ಶುರುವಾಗಿ ನಿಲ್ಲುವುದನ್ನು ಎರಡು ಮೂರು ಸಲ ನೋಡಿ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಮಟ್ಟ ಪರೀಕ್ಷಿಸಿ. ಸ್ವಲ್ಪ ಇಳಿದಿದ್ದರೆ ಉಳಿದಿದ್ದ ಗಾಳಿ ಹೊರಬಂದಿದೆ, ತುಂಬಿಸಿ. ಅದೇ ವಾರ ಮತ್ತೆ ಇಳಿದರೆ ಹೊಸ ಪಾರ್ಟ್ಸ್ ತರುವ ಮೊದಲು ಕೂಲಿಂಗ್ ಸಿಸ್ಟಮ್ಮಿಗೆ ಕ್ಯಾಪ್ ಮೇಲಿನ ಅಂಕಿಯಷ್ಟು ಒತ್ತಡ ತುಂಬಿ ಪ್ರೆಶರ್ ಟೆಸ್ಟ್ ಮಾಡಿಸಿ, ಒತ್ತಡ ಎಲ್ಲಿ ಬೀಳುತ್ತಿದೆ ಎಂದು ನೋಡಿ.